ಒಳಗೆ ಬಿಟ್ಟ ಬಟ್ಟೆ

ಅವರ ಉಗುರುಗಳು ನೀಲಿಯಾಗಿದ್ದವು. ಹಚ್ಚಿಕೊಂಡ ಬಣ್ಣವಲ್ಲ, ಜೀನ್ಸ್ ಬಟ್ಟೆಯನ್ನು ದಶಕಗಳ ಕಾಲ ಹಾಸಿ, ಅಂಗೈಯಿಂದ ಸವರಿ, ಕತ್ತರಿಸಿದ ಕೈಗೆ ತಾನಾಗಿ ಇಳಿದ ನೀಲಿ. ಸೋಪಿಗಾಗಲಿ, ಸೀಮೆಎಣ್ಣೆಗಾಗಲಿ, ನಿಂಬೆಹಣ್ಣಿನ ಸಿಪ್ಪೆಗಾಗಲಿ ಅದು ಜಗ್ಗುತ್ತಿರಲಿಲ್ಲ. ಎಡಗೈ ತೋರುಬೆರಳಿನ ತುದಿ ಮಾತ್ರ ಉಳಿದ ಬೆರಳುಗಳಿಗಿಂತ ತುಸು ಮೊಂಡಾಗಿ, ಅದರ ಉಗುರು ತುಸು ಬಾಗಿಕೊಂಡು ಇತ್ತು. ಕೆಲಸ ಕಲಿಯುವ ವಯಸ್ಸಿನಲ್ಲಿ ಆ ತುದಿ ದೊಡ್ಡ ಕತ್ತರಿಗೆ ಸಿಕ್ಕಿ ಹಾರಿಹೋಗಿತ್ತಂತೆ. ಅವರ ತಾಯಿ ದಿನವೂ ತೊಳೆದು, ತೆಳುವಾದ ಬಟ್ಟೆ ಸುತ್ತಿ ಕಾಯುತ್ತಿದ್ದಳಂತೆ. ಬರುವ ಹಬ್ಬದ ಹೊತ್ತಿಗೆ ಉಗುರಿನ ಸಮೇತ ಬೆಳೆದುಬಂದಿತ್ತಂತೆ. ಈ ಸಂಗತಿಯನ್ನು ಅವರು ನನಗೆ ಹಲವು ಬಾರಿ ಹೇಳಿದ್ದರು. ನಾನು ನಂಬಿದ್ದೆ. ಉಗುರಿನ ಬುಡ ಉಳಿದಿದ್ದರೆ ಮಕ್ಕಳ ಬೆರಳತುದಿ ಮರಳಿ ಬೆಳೆಯುವುದುಂಟು. ಅದು ನನ್ನ ವಿಷಯವೇ ಆಗಿತ್ತು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಎಲ್ಲರೂ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಜೀನ್ಸ್ ಹೊಲಿಯುವಲ್ಲಿ ಬಟ್ಟೆ ಕತ್ತರಿಸುವ ಹಿರಿಯನಿಗೆ ಕಟಿಂಗ್ ಮಾಸ್ಟರ್ ಎಂಬ ಹೆಸರು. ಪದರಪದರವಾಗಿ ಹಾಸಿದ ಬಟ್ಟೆಯ ಮೇಲೆ ರಟ್ಟಿನ ಪ್ಯಾಟರ್ನ್ ಇಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು, ಕರೆಂಟಿನ ಕತ್ತಿಯನ್ನು ಆ ಗೆರೆಗುಂಟ ನಡೆಸಬೇಕು. ಒಂದು ಸಲ ಕೈ ಜಾರಿದರೆ ಇಡೀ ಹಾಸು ಹಾಳು. ಮೇಜು ಕೋಣೆಯಷ್ಟು ಉದ್ದ. ಕತ್ತರಿಸುವವನು ಅದರ ಉದ್ದಕ್ಕೂ ನಡೆಯುತ್ತಲೇ ಇರಬೇಕು. ಕುಳಿತು ಮಾಡುವ ಕೆಲಸ ಅದಲ್ಲ. ಮುಂದಿನದೆಲ್ಲ ಈ ಮಾತಿನ ಮೇಲೆ ನಿಂತಿದೆ.

ನಿವೃತ್ತಿಯ ನಂತರ ನಾನು ಬಳ್ಳಾರಿಗೆ ಬಂದಾಗ ಅವರ ಮನೆಯ ಮಹಡಿ ಬಾಡಿಗೆಗಿತ್ತು. ಕೆಳಗೆ ಅವರ ಕತ್ತರಿಸುವ ಮೇಜು, ಎರಡು ಮೂರು ಹೊಲಿಗೆ ಯಂತ್ರ; ಅದರ ಹಿಂದೆ ಅವರು ಒಬ್ಬರೇ ಇರುತ್ತಿದ್ದ ಕೋಣೆ. ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳನ್ನು ಸಿರುಗುಪ್ಪಕ್ಕೆ, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರ ಮನೆಗೆ ಕೊಟ್ಟಿದ್ದರು. ನನ್ನ ಊರು ಕುರುಗೋಡು; ಆದರೆ ಅಲ್ಲಿ ನನ್ನನ್ನು ಗುರುತು ಹಿಡಿಯುವವರು ಆಗಲೇ ಉಳಿದಿರಲಿಲ್ಲ. ಮದುವೆಯಾಗಲಿಲ್ಲ. ಕೆಲಸ ಮುಗಿದ ಮೇಲೆ ಎಲ್ಲಿದ್ದರೂ ಒಂದೇ ಎಂದು ಊರಿಗೆ ಹತ್ತಿರವಾದ ನಗರವನ್ನು ಆರಿಸಿಕೊಂಡೆ.

ಏನು ಕೆಲಸ ಮಾಡುತ್ತಿದ್ದಿರಿ ಎಂದು ಅವರು ಮೊದಲ ದಿನವೇ ಕೇಳಿದರು. ಹಲ್ಲಿಯ ಬಾಲ ಮತ್ತು ಗೊದಮೊಟ್ಟೆಯ ಕಾಲು ಕಡಿದರೆ ಹೇಗೆ ಮತ್ತೆ ಬೆಳೆಯುತ್ತದೆಂದು ನೋಡುವ ಕೆಲಸ ಎಂದೆ. ಅವರು ಕತ್ತಿಯ ಸ್ವಿಚ್ಚು ಆರಿಸಿ ನನ್ನ ಮುಖವನ್ನೇ ನೋಡಿದರು.

"ಹಲ್ಲಿ ಬಾಲ ಕಡಿಯಾಕ ಸರ್ಕಾರ ಪಗಾರ ಕೊಡ್ತೈತೇನ್ರಿ ಅಕ್ಕೋರ? ನಮ್ಮ ಅಂಗಡ್ಯಾಗ ಬೆಕ್ಕು ಪುಕ್ಕಟಿ ಮಾಡ್ತೈತಿ."

ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಓವರ್‌ಲಾಕ್‌ನವನು ನಕ್ಕು ಸೂಜಿ ಮುರಿದುಕೊಂಡ. ಬಟ್ಟೆಯ ಅಂಚಿಗೆ ಎಳೆ ಬಿಡದಂತೆ ಹೊಲಿಗೆ ಹಾಕುವ ಅವನು ಮಾಸ್ಟರ್ ಬಳಿಯೇ ತಲೆ ನರೆಸಿಕೊಂಡವನು. ಮಾಸ್ಟರನ್ನು ಅಣಕಿಸುವ ಅಧಿಕಾರ ಅವನೊಬ್ಬನಿಗಿತ್ತು.

ಈ ಬರಹಕ್ಕೆ ಕುಳಿತಾಗ ನಾನು ಮೊದಲು ಮಾಡಹೊರಟದ್ದು ಕಾಲನಿರ್ಣಯ. ಪ್ರಯೋಗಾಲಯದಲ್ಲಿ ದಿನಾಂಕ ಬರೆಯದೆ ಒಂದು ಗಾಜಿನ ಸ್ಲೈಡನ್ನೂ ಎತ್ತಿಟ್ಟವಳು ನಾನಲ್ಲ. ಮಾಸ್ಟರ್ ಇಸವಿಗಳನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಅವರ ಕಾಲಮಾನ ಪ್ಯಾಂಟಿನದು. ಕೆಲಸ ಕಲಿತದ್ದು ಬೆಲ್‌ಬಾಟಮ್ ಕಾಲದಲ್ಲಿ, ಹೆಂಡತಿ ಹೋದದ್ದು ಬ್ಯಾಗಿ ಕಾಲದಲ್ಲಿ, ಕಾಲು ಹೋದದ್ದು ಸೊಂಟದಿಂದ ಜಾರುವ ಲೋ-ವೇಸ್ಟ್ ಕಾಲದಲ್ಲಿ. ಆಗ ಇದನ್ನು ಕೇಳಿ ನಾನು ತಾಳ್ಮೆಗೆಡುತ್ತಿದ್ದೆ. ಈಗ ಬೇರೆ ಆಧಾರಗಳೊಂದಿಗೆ ಹೋಲಿಸಿ ನೋಡಿದರೆ ಅವರ ಕ್ರಮದಲ್ಲಿ ಒಂದು ಘಟನೆಯೂ ಹಿಂದುಮುಂದಾಗಿಲ್ಲ. ಕಾಲು ಹೋದ ಅಪಘಾತ ಬೇಸಿಗೆಯ ಕೊನೆಗೆ, ಕಾಲುವೆಗೆ ನೀರು ಬಿಡುವ ಮೊದಲು ಆಯಿತು. ಆ ವರ್ಷ ರಂಜಾನ್ ಬಂದದ್ದು ಸಿರುಗುಪ್ಪದ ಗದ್ದೆಗಳಲ್ಲಿ ಭತ್ತ ತೆನೆಗಟ್ಟುವ ಹೊತ್ತಿಗೆ. ಚಾಂದ್ರಮಾನದ ಹಬ್ಬ ವರ್ಷವರ್ಷ ಹಿಂದೆ ಸರಿಯುವುದರಿಂದ, ಈ ಎರಡನ್ನು ಕೂಡಿಸಿದರೆ ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಆ ಕೆಲವೇ ವರ್ಷಗಳ ನಡುಭಾಗವೇ ಹೌದು.

ಊರು ಆಗ ಕೆಂಪಾಗಿತ್ತು. ಒಣಹಾಕಿದ ಸೀರೆಯ ಮೇಲೆ, ಕಿಟಕಿಯ ಸರಳಿನ ಮೇಲೆ, ನನ್ನ ಸೂಕ್ಷ್ಮದರ್ಶಕದ ಗಾಜಿನ ಮೇಲೆ ಸಂಜೆಯೊಳಗೆ ಅದಿರಿನ ಧೂಳು ಕೂರುತ್ತಿತ್ತು. ಆ ಯಂತ್ರವನ್ನು ನಾನು ನಿವೃತ್ತಿಯಾದಾಗ ನನ್ನದೇ ಹಣದಿಂದ ಕೊಂಡು ಕಿಟಕಿಯ ಬಳಿ ಇಟ್ಟುಕೊಂಡಿದ್ದೆ. ಬಾಡಿಗೆ ಕೇಳಲು ಎಂದೂ ಮೇಲೆ ಬಾರದ ಮಾಸ್ಟರ್, ಅದರಲ್ಲಿ ಹಲ್ಲಿಯ ಚರ್ಮ ನೋಡಲು ಒಮ್ಮೆ ಬಂದಿದ್ದರು. ಧೂಳು ಕಂಡು, ಇಷ್ಟು ಬೆಲೆಯ ಸಾಮಾನನ್ನು ಬತ್ತಲೆ ನಿಲ್ಲಿಸಬಾರದು ಎಂದು ಬೈದು ಹೋದರು.

ಕುಡತಿನಿಯ ರಸ್ತೆಯಲ್ಲಿ ಅದಿರು ತುಂಬಿದ ಲಾರಿಯೊಂದು ಅವರ ಸ್ಕೂಟರಿಗೆ ಹಿಂದಿನಿಂದ ತಾಗಿತು. ಎಡಗಾಲು ಮೊಳಕಾಲಿನ ಕೆಳಗೆ ನುಚ್ಚಾಯಿತು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ವೈದ್ಯನೊಬ್ಬ ಅವರ ಉಗುರುಗಳನ್ನು ನೋಡಿ, ಮೈಯಲ್ಲಿ ಪ್ರಾಣವಾಯು ಕಡಿಮೆಯಾಗಿದೆಯೆಂದು ಗಾಬರಿಯಾಗಿ ಮೂಗಿಗೆ ಆಕ್ಸಿಜನ್ ಏರಿಸಿದ. ಅದು ಬಟ್ಟೆಯ ಬಣ್ಣವೆಂದು ತಿಳಿಸಲು ಓವರ್‌ಲಾಕ್‌ನವನು ತನ್ನ ಬೆರಳುಗಳನ್ನೂ ಚಾಚಿ ತೋರಿಸಬೇಕಾಯಿತು. ಹಾಗಾದರೆ ನನಗೂ ಆಕ್ಸಿಜನ್ ಹಚ್ಚಿರಿ ಎಂದನಂತೆ.

ಕಾಲು ತೆಗೆಯಲೇಬೇಕೆಂದು ಶಸ್ತ್ರವೈದ್ಯರು ಹೇಳಿದಾಗ ಮಾಸ್ಟರ್ ಅಳಲಿಲ್ಲ, ವಾದಿಸಲಿಲ್ಲ. ಅಂಗಡಿಗೆ ಬಂದ ಗಿರಾಕಿ ದರ್ಜಿಗೆ ಹೇಳುವಂತೆ ಒಂದು ಮಾತು ಹೇಳಿದರು. ನಾನು ಮಂಚದ ಬಳಿಯೇ ನಿಂತಿದ್ದೆ.

"ಸಾಹೇಬ್ರ, ಮೊಳಕಾಲು ಉಳಿಸ್ರಿ. ಕೆಳಗ ಸ್ವಲ್ಪ ಮಾರ್ಜಿನ್ ಬಿಡ್ರಿ."

ಮಾರ್ಜಿನ್ ಎಂದರೆ ಹೊಲಿಗೆಯ ಒಳಗೆ ಬಿಡುವ ಹೆಚ್ಚಿನ ಬಟ್ಟೆ. ಮೈ ಬೆಳೆದಾಗ ಹೊಲಿಗೆ ಬಿಚ್ಚಿ ಅದನ್ನು ಹೊರಕ್ಕೆ ತೆಗೆಯುತ್ತಾರೆ. ಇದರ ಬಗ್ಗೆ ಮಾಸ್ಟರಿಗಿದ್ದದ್ದು ಬಹುಮಟ್ಟಿಗೆ ಧರ್ಮಶ್ರದ್ಧೆ. ಸಿದ್ಧ ಉಡುಪಿನ ಮಾಲೀಕರು ಬಟ್ಟೆ ಉಳಿಸಲು ಅಂಚಿನಲ್ಲೇ ಕತ್ತರಿಸೆಂದು ಒತ್ತಾಯಿಸುತ್ತಿದ್ದರು. ಇವರು ಮಕ್ಕಳ ಪ್ಯಾಂಟಿಗೆ ಮಾತ್ರ ಆ ಮಾತು ಕೇಳುತ್ತಿರಲಿಲ್ಲ. ಹುಡುಗರ ಪ್ಯಾಂಟಿಗೆ ಮಾರ್ಜಿನ್ ಬಿಡದಿರುವುದು ಅವರು ಬೆಳೆಯದಿರಲಿ ಎಂದು ಶಾಪ ಹಾಕಿದಂತೆ ಎನ್ನುತ್ತಿದ್ದರು. ಇದೇ ಜಗಳದಲ್ಲಿ ಒಬ್ಬ ಮಾಲೀಕರ ಕೆಲಸವನ್ನೇ ಬಿಟ್ಟಿದ್ದರು.

ತೆಗೆದ ಕಾಲನ್ನು ಅವರ ಅಳಿಯ ಬಿಳಿಯ ಬಟ್ಟೆಯಲ್ಲಿ ಸುತ್ತಿ, ಅವರ ಮನೆತನದವರು ಮಲಗಿರುವ ಕಬರಸ್ತಾನದ ಗೋಡೆಯ ಪಕ್ಕ ಮಣ್ಣು ಮಾಡಿಬಂದರು. ದೇಹದ ಭಾಗಕ್ಕೆ ದೇಹದ್ದೇ ಮರ್ಯಾದೆ. ಅದು ಅವರಲ್ಲಿ ರೂಢಿ. ಗುರುತಿಗೆ ಒಂದು ಕಲ್ಲು ಇಟ್ಟಿದ್ದರು. ಮಾಸ್ಟರ್ ಸಿರುಗುಪ್ಪಕ್ಕೆ, ಮಗಳ ಮನೆಗೆ ಸುಧಾರಿಸಿಕೊಳ್ಳಲು ಹೋದರು.

ಅವರಿಲ್ಲದ ಆ ಮಳೆಗಾಲದಲ್ಲಿ, ಕೆಳಗಿನ ಯಂತ್ರದ ಸದ್ದಿಗೆ ನನ್ನ ದಿನ ಎಷ್ಟು ಹೊಂದಿಕೊಂಡಿತ್ತೆಂಬುದು ತಿಳಿಯಿತು. ಕತ್ತಿ ಗುಂಯ್‌ಗುಡಲು ಶುರುವಾದರೆ ಬೆಳಗಿನ ಚಹಾ, ನಿಂತರೆ ಮಧ್ಯಾಹ್ನದ ಊಟ. ಯಾರೊಡನೆಯೂ ಮಾತನಾಡದೆ ದಿನ ಕಳೆದರೂ ಕೆಳಗೊಬ್ಬರಿದ್ದಾರೆ ಎಂಬ ಅರಿವು ಸಾಕಾಗುತ್ತಿತ್ತು. ಈಗ ಓವರ್‌ಲಾಕ್‌ನವನು ಕತ್ತರಿಸಲು ಹೋಗಿ, ಬಿಟ್ಟು, ಮತ್ತೆ ಹಿಡಿಯುತ್ತಿದ್ದ. ಆ ತುಂಡುತುಂಡು ಸದ್ದಿಗೆ ನನಗೆ ಹೊತ್ತು ಗೊತ್ತಾಗುತ್ತಿರಲಿಲ್ಲ.

ಗದ್ದೆಗಳಿಗೆ ನೀರು ಹರಿದ ಮೇಲೆ ಮಾಸ್ಟರ್ ಊರುಗೋಲು ಹಿಡಿದು ಮರಳಿದರು. ಅಳಿಯನ ಕೈಯಲ್ಲಿ ನೀರು ತುಂಬಿದ ಎಣ್ಣೆಯ ಡಬ್ಬಿ. ಅದರೊಳಗೆ ಗದ್ದೆಯ ಏಡಿ. ಇಕ್ಕಳದಂಥ ಅದರ ಒಂದು ಕೊಂಬು ದೊಡ್ಡದು. ಇನ್ನೊಂದು ಇರಬೇಕಾದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ, ಮೆತ್ತಗಿನ ಒಂದು ಮೊಳಕೆ. ನನ್ನನ್ನು ಕೆಳಕ್ಕೆ ಕರೆಸಿದರು.

"ಇದು ನಿಮ್ಮ ಖಾತಿದು ಅಲ್ಲೇನ್ರಿ ಅಕ್ಕೋರ?"

ಹೌದು ಎಂದೆ. ಶತ್ರು ಹಿಡಿದಾಗ ಏಡಿ ತಾನೇ ಕೊಂಬನ್ನು ಕಳಚಿ ಬಿಟ್ಟು ಓಡುತ್ತದೆ. ಕಳಚುವ ಜಾಗ ಮೊದಲೇ ಗೊತ್ತುಮಾಡಿದ್ದು. ಪೊರೆ ಬಿಟ್ಟಾಗಲೆಲ್ಲ ಹೊಸ ಕೊಂಬು ಇಷ್ಟಿಷ್ಟು ದೊಡ್ಡದಾಗುತ್ತದೆ ಎಂದು ವಿವರಿಸಿದೆ. ಅವರು ಕೇಳುತ್ತಿದ್ದರು, ಆದರೆ ನೋಡುತ್ತಿದ್ದದ್ದು ತಮ್ಮ ಎಡ ಮೊಳಕಾಲಿನ ಕೆಳಗೆ. ಏಡಿಯನ್ನು ಅಂಗಡಿಯ ಮೂಲೆಯಲ್ಲಿ, ಹಳೆಯ ಬಕೆಟ್ಟಿನಲ್ಲಿ ಮಣ್ಣು ಹಾಕಿ ಇಟ್ಟರು. ಕೊಂಬು ನಿಜವಾಗಿಯೂ ಬೆಳೆಯಿತು. ಓವರ್‌ಲಾಕ್‌ನವನು ದಿನವೂ ಬಕೆಟ್ಟಿಗೆ ಬಗ್ಗಿ ವರದಿ ಕೊಡುತ್ತಿದ್ದ.

"ಮಾಸ್ಟರ್, ಇದರ ಸಂಗ ಮಾಡಬ್ಯಾಡ್ರಿ. ನಾಳೆ ಹತ್ತು ಕಾಲು ಬಂದ್ರ ನಿಮ್ಮ ಪ್ಯಾಂಟು ನಾನ ಹೊಲೀಬೇಕಾಗ್ತೈತಿ."

"ನೀ ಹೊಲದ್ರ ಅದೂ ಅಡ್ಡಡ್ಡ ನಡೀತೈತಿ, ಸುಮ್ನ ಕುಂದರಲೇ."

ಇದು ನಗೆಯಾಗಿಯೇ ಉಳಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಒಂದು ದಿನ ಮಗಳು ಸಿರುಗುಪ್ಪದಿಂದ ಬಂದವಳು ನೇರವಾಗಿ ಮೇಲಕ್ಕೆ ಹತ್ತಿಬಂದಳು. ಗಾಯ ಒಣಗಿದ ಮೇಲೆ ಉಳಿದ ಕಾಲಿಗೆ ಅಗಲ ಪಟ್ಟಿಯನ್ನು ಬಿಗಿಯಾಗಿ ಸುತ್ತಬೇಕೆಂದು ಆಸ್ಪತ್ರೆಯವರು ಹೇಳಿಕಳಿಸಿದ್ದರು. ಸುತ್ತಿದರೆ ಬಾವು ಇಳಿದು ಕಾಲು ಒಂದು ಆಕಾರಕ್ಕೆ ಬರುತ್ತದೆ. ಆಗ ಕೃತಕ ಕಾಲು ಕೂಡುತ್ತದೆ. ಜೊತೆಗೆ ಮೊಳಕಾಲನ್ನು ದಿನವೂ ಚಾಚಬೇಕು, ಇಲ್ಲದಿದ್ದರೆ ಬಾಗಿದಲ್ಲೇ ಬಿಗಿದುಹೋಗುತ್ತದೆ. ಅಪ್ಪ ಪಟ್ಟಿಯನ್ನು ಬಿಚ್ಚಿ ಎಸೆದಿದ್ದಾರೆ, ಹಗಲೆಲ್ಲ ಮೊಳಕಾಲು ಮಡಿಚಿಕೊಂಡು ಕೂರುತ್ತಾರೆ, ಕಾಲು ತಯಾರಿಸುವವರು ಅಳತೆಗೆ ಬಾ ಎಂದರೂ ಹೋಗುತ್ತಿಲ್ಲ ಎಂದಳು. ಮೊಳಕಾಲು ಬಿಗಿಯಿತೆಂದರೆ ಕೃತಕ ಕಾಲಿಲ್ಲ. ಅದಿಲ್ಲದಿದ್ದರೆ ಮೇಜಿನ ಮುಂದೆ ನಿಲ್ಲಲಾಗುವುದಿಲ್ಲ.

"ಯಾಕಂತ ಕೇಳಿದ್ರ, ಡಾಕ್ಟರ್ ಮಾರ್ಜಿನ್ ಬಿಟ್ಟಾರ, ಅದನ್ನ ಬಿಗದು ಕಟ್ಟಿದ್ರ ಹೆಂಗ ಬೆಳೀತೈತಿ ಅಂತಾರ್ರಿ ಅಮ್ಮಾ. ನಾ ಹೇಳಿದ್ದು ಕೇಳವಲ್ರು. ನೀವ ಹೇಳ್ರಿ."

ಆಗ ನನಗೆ ಎಲ್ಲವೂ ಸ್ಪಷ್ಟವಾಯಿತು. ಶಸ್ತ್ರವೈದ್ಯರು ಮೀನಖಂಡದ ಮಾಂಸ ಮತ್ತು ಚರ್ಮವನ್ನು ಉದ್ದವಾಗಿ ಉಳಿಸಿ, ಮುಂದಕ್ಕೆ ಮಡಿಚಿ ಹೊಲಿದಿದ್ದರು. ಅದು ಎಲ್ಲೆಡೆ ಮಾಡುವ ಕ್ರಮ. ಹೊಲಿಗೆ ನೋಡಿ ಬದುಕಿದ ಕಣ್ಣು ಆ ಹೆಚ್ಚಿನ ಚರ್ಮವನ್ನು ನೋಡಿತ್ತು. ಕೇಳಿಕೊಂಡಂತೆ ವೈದ್ಯರು ಬಿಟ್ಟಿದ್ದಾರೆ. ಎಳೆವಯಸ್ಸಿನ ಬೆರಳು ಬೆಳೆದಿದೆ. ಗೋಡೆಯ ಹಲ್ಲಿಗೆ ಬೆಳೆದಿದೆ. ಬಕೆಟ್ಟಿನಲ್ಲಿ ಏಡಿಯ ಕೊಂಬು ಬೆಳೆಯುತ್ತಿದೆ. ಈ ಸಾಕ್ಷ್ಯಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ; ಅವುಗಳಿಂದ ಅವರು ಹೊರಡಿಸಿದ್ದ ತೀರ್ಮಾನ ಮಾತ್ರ ಅವರನ್ನು ಜೀವನಪೂರ್ತಿ ಕೂರಿಸಿಬಿಡುವಂಥದು.

ಅದೇ ದಿನಗಳಲ್ಲಿ ಅವರಿಗೆ ಕೆಲಸ ಕೊಡುತ್ತಿದ್ದ ಮಾಲೀಕರೊಬ್ಬರು, ಬಟ್ಟೆಯ ವ್ಯಾಪಾರದಿಂದ ಅದಿರಿನ ಸಾಗಣೆಗೆ ಹೊರಳಿ ಬೇಗ ಮೇಲೆ ಬಂದವರು, ಒಂದು ಕರಪತ್ರ ತಂದುಕೊಟ್ಟರು. ದೂರದ ಯಾವುದೋ ದೇಶದಲ್ಲಿ ರೋಗಿಯ ಮೈಯಿಂದಲೇ ಕಾಂಡಕೋಶ ತೆಗೆದು, ಬೇಕಾದಲ್ಲಿ ಚುಚ್ಚಿ, ಹೋದ ಅಂಗವನ್ನು ಬರಿಸುತ್ತಾರೆಂದು ಅದರಲ್ಲಿತ್ತು. ವೆಚ್ಚ ತಮ್ಮದು, ವರ್ಷೊಪ್ಪತ್ತಿನಲ್ಲಿ ಕಳಿಸುತ್ತೇನೆ ಎಂದರು ಮಾಲೀಕರು. ಅವರದು ಕೆಟ್ಟ ಮನಸ್ಸಲ್ಲ. ಊರಿನ ಆಕಾಶದಲ್ಲಿ ಹೆಲಿಕಾಪ್ಟರ್ ಹಾರಾಡುತ್ತಿದ್ದ ಆ ಕಾಲದಲ್ಲಿ, ಕೊಳ್ಳಲಾಗದ್ದು ಏನಾದರೂ ಇದೆಯೆಂದು ನಂಬುವುದೇ ಜನರಿಗೆ ಕಷ್ಟವಾಗಿತ್ತು.

ರಂಜಾನಿನ ಒಂದು ಮಧ್ಯಾಹ್ನ ಮಾಸ್ಟರ್ ನನ್ನನ್ನು ಕರೆದರು. ಯಂತ್ರಗಳು ನಿಂತಿದ್ದವು, ಓವರ್‌ಲಾಕ್‌ನವನು ಊಟಕ್ಕೆ ಹೋಗಿದ್ದ. ಉಪವಾಸದ ತುಟಿ ಒಣಗಿತ್ತು. ಲುಂಗಿಯ ಕೆಳಗೆ ಮೊಳಕಾಲು ಮಡಿಚಿಯೇ ಇತ್ತು. ಕರಪತ್ರವನ್ನು ಮೇಜಿನ ಮೇಲೆ ಇಟ್ಟು ನನ್ನತ್ತ ಸರಿಸಿದರು.

"ಓದ್ರಿ. ಇದು ಖರೇನೋ ಸುಳ್ಳೋ ನೀವು ಹೇಳ್ರಿ. ಮಾಲೀಕರ್ನ ಕೇಳಂಗಿಲ್ಲ, ಡಾಕ್ಟರ್ನ ಕೇಳಂಗಿಲ್ಲ. ನಿಮ್ಮನ್ನ ಕೇಳ್ತೀನಿ."

ಓದಿದೆ. ಸುಳ್ಳು ಎಂದೆ.

ಅವರು ಎಡಗೈಯ ಬೆರಳನ್ನು ಮೇಲೆತ್ತಿ ಹಿಡಿದರು. ಆ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಉಗುರಿನ ಬುಡದಲ್ಲಿ ಕೆಲವು ಕೋಶಗಳಿಗೆ ಮನೆಯಿದೆ, ಪತ್ರಿಕೆಗಳವರು ಕಾಂಡಕೋಶವೆನ್ನುವುದು ಅಂಥವನ್ನೇ, ಉಗುರು ಉಳಿದರೆ ಅವು ತುದಿಯನ್ನು ಕಟ್ಟಿಕೊಳ್ಳಬಲ್ಲವು, ಅದೂ ತುದಿಯನ್ನಷ್ಟೇ ಎಂದೆ. ಮೊಳಕಾಲಿನ ಕೆಳಗೆ ಅಂಥ ಮನೆಯಿಲ್ಲ. ಏಡಿಯ ಮೈ ಬೇರೆ, ಹಲ್ಲಿಯ ಮೈ ಬೇರೆ. ಹಲ್ಲಿಗೂ ಬಾಲವಷ್ಟೇ ಬರುತ್ತದೆ, ಅದರಲ್ಲಿ ಮೊದಲಿನ ಎಲುಬಿನ ಬದಲು ಮೆತ್ತಗಿನ ಒಂದು ಕೊಳವೆಯಿರುತ್ತದೆ. ಗೊದಮೊಟ್ಟೆಗೆ ಎಳೆಯದರಲ್ಲಿ ಕಾಲು ಬರುತ್ತದೆ. ಕಪ್ಪೆಯಾಗುತ್ತ ಬಂದಂತೆ ಆ ಶಕ್ತಿ ಹೋಗುತ್ತದೆ. ಅದು ಯಾಕೆ ಹೋಗುತ್ತದೆಂದು ನೋಡುತ್ತಲೇ ನನ್ನ ಉದ್ಯೋಗ ಮುಗಿಯಿತು.

"ಪ್ಯಾಟರ್ನ್ ಕಾಲಿನ ಜೊತಿಗಿ ಮಣ್ಣಿಗಿ ಹೋತೇನ್ರಿ?" ಎಂದು ಕೇಳಿದರು.

ಇಲ್ಲ ಎಂದೆ. ಕಾಲು ಹೇಗಿರಬೇಕೆಂಬ ಬರಹ ಮೈಯ ಪ್ರತಿ ಕೋಶದಲ್ಲೂ ಈಗಲೂ ಇದೆ.

ಅವರು ಮೇಜಿನ ಮೇಲಿದ್ದ ರಟ್ಟಿನ ಪ್ಯಾಟರ್ನ್ ಒಂದನ್ನು ಕೈಗೆತ್ತಿಕೊಂಡರು.

"ಅಂದ್ರ ಪ್ಯಾಟರ್ನ್ ಐತಿ, ಬಟ್ಟಿ ಐತಿ. ಕಟಿಂಗ್ ಮಾಸ್ಟರ್ ಇಲ್ಲ."

ಇಷ್ಟು ಚಿಕ್ಕದಾಗಿ ನಾನೆಂದೂ ಹೇಳಿರಲಿಲ್ಲ. ಆದರೆ ಆಗ ಮೆಚ್ಚಿಕೊಳ್ಳುವ ಹೊತ್ತಾಗಿರಲಿಲ್ಲ. ಹೇಳಬೇಕಾದ್ದು ಇನ್ನೂ ಉಳಿದಿತ್ತು, ಅದನ್ನು ಅವರ ಮಾತಿನಲ್ಲೇ ಹೇಳಬೇಕಿತ್ತು.

"ಮಾಸ್ಟರ್, ಡಾಕ್ಟರ್ ಬಿಟ್ಟದ್ದು ಮಾರ್ಜಿನ್ ಅಲ್ಲ. ಅದು ಮಡಿಚಿ ಹೊಲಿದ ಅಂಚು. ಒಳಗಿನ ಎಲುಬಿಗೆ ಮೆತ್ತೆ. ಬಿಚ್ಚಿದರೆ ಎಳೆ ಬಿಡುತ್ತದೆ."

ಹಲ್ಲಿ ಗಾಯವನ್ನು ತೆರೆದಿಟ್ಟು ಕೆಲಸಕ್ಕೆ ತೊಡಗುತ್ತದೆ. ನಮ್ಮ ಮೈ ರಕ್ತ ಹರಿದೀತು, ನಂಜಾದೀತು ಎಂದು ಹೆದರಿ ಬೇಗ ಬೇಗ ಅಂಚು ಮುಚ್ಚಿಬಿಡುತ್ತದೆ. ಹಾಗೆ ಮುಚ್ಚಿದ್ದರಿಂದಲೇ ನೀವು ಬದುಕಿದಿರಿ ಎಂದೆ. ಪಟ್ಟಿ ಸುತ್ತಿದರೆ ಏನೂ ನಷ್ಟವಿಲ್ಲ, ಸುತ್ತದೆ, ಚಾಚದೆ ಬಿಟ್ಟರೆ ಉಳಿದ ಮೊಳಕಾಲೂ ಹೋಗುತ್ತದೆ ಎಂದೆ. ನನ್ನ ಧ್ವನಿ ಉಪನ್ಯಾಸದ ಧ್ವನಿಯಾಗಿದ್ದಿರಬೇಕು. ಬೇರೆ ಧ್ವನಿ ನನಗೆ ಅಭ್ಯಾಸವಿರಲಿಲ್ಲ.

"ಅವಸರದಾಗ ಹೊಲದಾನ ಹಂಗಾರ," ಎಂದರು, ಮೇಲೆ ಎಲ್ಲೋ ನೋಡಿ. ಆಮೇಲೆ ನನ್ನ ಕಡೆ ತಿರುಗಿ, "ಮುಂದರ ಬರ್ತೈತೇನ್ರಿ? ನಾವಿಬ್ರೂ ಇರೂದ್ರಾಗ?"

"ಇಲ್ಲ. ನಾವಿರುವಷ್ಟರಲ್ಲಿ ಬರುವುದಿಲ್ಲ."

"ನೀವು ಕಾಣಂಗಿಲ್ಲ, ನಾ ಕಾಣಂಗಿಲ್ಲ. ಹಂಗಾರ ಇಷ್ಟು ವರ್ಷ ಯಾರ ಸಲುವಾಗಿ ಮಾಡಿದ್ರಿ ಅಕ್ಕೋರ?"

ವ್ಯಂಗ್ಯವಿರಲಿಲ್ಲ. ತಿಳಿಯಬೇಕೆಂದೇ ಕೇಳಿದ್ದರು. ಸಮ್ಮೇಳನಗಳಲ್ಲಿ ಹೇಳುವ ಉತ್ತರಗಳು ನೆನಪಿಗೆ ಬಂದವು; ಉಪವಾಸದಲ್ಲಿ ಕುಳಿತ ಆ ಮನುಷ್ಯನ ಎದುರು ಅವನ್ನು ಹೇಳಲಾಗಲಿಲ್ಲ. ಅವರು ಕರಪತ್ರವನ್ನು ಮಡಿಚಿ ಮೇಜಿನ ಕಾಲಿನ ಕೆಳಗೆ ತೂರಿಸಿದರು. ಆ ಕಾಲು ಮೊದಲಿನಿಂದಲೂ ತುಸು ಗಿಡ್ಡವಾಗಿತ್ತು.

"ಆತು. ಹೋಗ್ಬರ್ರಿ."

ಅಲ್ಲಿಂದ ಮುಂದೆ ಅವರು ನನ್ನೊಡನೆ ಮಾತು ನಿಲ್ಲಿಸಿದರು. ಜಗಳವಲ್ಲ, ಎದುರಾದರೆ ಕೈಯೆತ್ತಿ ಸಲಾಮು ಮಾಡುತ್ತಿದ್ದರು. ಆದರೆ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ, ಮಗಳ ಕೈಯಲ್ಲಿ ಬಂತು, ಅವರು ಮೆಟ್ಟಿಲ ಬುಡದವರೆಗೂ ಬರಲಿಲ್ಲ. ಏಡಿಯನ್ನು ಅದೇ ಡಬ್ಬಿಯಲ್ಲಿ ಸಿರುಗುಪ್ಪಕ್ಕೆ ಕಳಿಸಿಕೊಟ್ಟರೆಂದು ಅವಳೇ ಹೇಳಿದಳು. ಹೊಸ ಕೊಂಬು ಹಳೆಯದರ ಅರ್ಧದಷ್ಟಾಗಿತ್ತಂತೆ. ಗದ್ದೆಗೆ ಬಿಟ್ಟೊಡನೆ ಕೆಸರಿನೊಳಗೆ ಇಳಿದುಹೋಯಿತಂತೆ.

ಆ ಚಳಿಗಾಲವನ್ನು ನಾನು ಕಿವಿಯಿಂದಲೇ ಕಳೆದೆ. ಯಾರಿಗಾದರೂ ಸತ್ಯ ಹೇಳಿದ ಮೇಲೆ ಬರುವ ಒಂಟಿತನ ಬೇರೆ ರೀತಿಯದು. ಪ್ರಯೋಗಾಲಯದಲ್ಲಿ ಅದು ಬರುವುದಿಲ್ಲ, ಹಲ್ಲಿಗಳು ಪ್ರಶ್ನೆ ಕೇಳುವುದಿಲ್ಲ. ಬೆಳಗ್ಗೆ ಕೆಳಗಿನಿಂದ ಹಲ್ಲುಕಚ್ಚಿದ ನರಳಿಕೆ ಕೇಳುತ್ತಿತ್ತು, ಓವರ್‌ಲಾಕ್‌ನವನ "ಇನ್ನೊಂದ್ಸಲ, ಮಾಸ್ಟರ್, ಇನ್ನೊಂದ್ಸಲ" ಎಂಬ ಧ್ವನಿ ಕೇಳುತ್ತಿತ್ತು. ಮೊಳಕಾಲು ಚಾಚಿಸುತ್ತಿದ್ದಾರೆಂದು ತಿಳಿಯಿತು. ಒಮ್ಮೆ ಹಿತ್ತಲಿನ ಹಗ್ಗದ ಮೇಲೆ ಅಗಲವಾದ ಪಟ್ಟಿಗಳು ತೊಳೆದು ಒಣಗಿದ್ದವು. ಅವುಗಳ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕಲಾಗಿತ್ತು. ಮುಂದೆ ಕೆಲವು ವಾರಗಳಿಗೆ ಊರುಗೋಲಿನ ಸದ್ದಿನ ನಡುವೆ ಬೇರೊಂದು ಹೆಜ್ಜೆಯ ಸದ್ದು ಸೇರಿತು: ಸಪ್ಪಳ ಕಡಿಮೆ, ತೂಕ ಹೆಚ್ಚು.

ಒಂದು ಬೆಳಗ್ಗೆ ಕತ್ತಿ ಗುಂಯ್‌ಗುಟ್ಟಿತು. ತುಂಡುತುಂಡಾಗಿ ಅಲ್ಲ. ಸದ್ದು ಬೀದಿಯ ಕಡೆಯ ತುದಿಯಲ್ಲಿ ಹುಟ್ಟಿ, ನನ್ನ ಕುರ್ಚಿಯ ಕೆಳಗೆ ಹಾದು, ನಿಲ್ಲದೆ, ನಿಧಾನವಾಗಿ, ಹಿತ್ತಲಿನ ತುದಿಯವರೆಗೆ ಸರಿಯಿತು. ಮೇಜಿನ ಉದ್ದಕ್ಕೂ ಯಾರೋ ನಡೆದಿದ್ದರು. ನಾನು ಚಹಾ ಇಟ್ಟೆ.

ಆ ದಿನವೇ ಅಥವಾ ಮರುದಿನವೇ (ಇದೊಂದನ್ನು ನಿರ್ಧರಿಸಲು ನನಗೆ ಆಧಾರ ಸಿಕ್ಕಿಲ್ಲ) ಓವರ್‌ಲಾಕ್‌ನವನು ಮೇಲೆ ಬಂದು, ಮಡಿಚಿದ ಬಟ್ಟೆಯೊಂದನ್ನು ಕೊಟ್ಟ.

"ಮಾಸ್ಟರ್ ಕಳಿಸ್ಯಾರ್ರಿ. ಬತ್ತಲಿ ನಿಂತೈತಲ್ಲ, ಅದಕ್ಕ. ಅಳತಿ ತಪ್ಪಿದ್ರ ಕಣ್ಣು ಹೋಗ್ಯಾವಂತ ತಿಳಕೋತಾರಂತ, ಖರೇ ಹೇಳ್ಬೇಕಂತ ನೋಡ್ರಿ."

ಸೂಕ್ಷ್ಮದರ್ಶಕಕ್ಕೆ ಜೀನ್ಸ್ ಬಟ್ಟೆಯ ಹೊದಿಕೆ. ಅವರು ಅದನ್ನು ಒಂದೇ ಸಲ ನೋಡಿದ್ದು, ಅಳತೆಪಟ್ಟಿ ಹಿಡಿದಿರಲಿಲ್ಲ. ಹಾಕಿದೆ. ಕತ್ತಿನ ಬಾಗು, ಬುಡದ ಅಗಲ, ಎಲ್ಲವೂ ಸರಿಯಾಗಿ ಕೂತವು. ಸರಿಯಾಗಿದೆ ಎಂದು ನಾನೇ ಕೆಳಗೆ ಹೋಗಿ ಹೇಳಿದೆ. ಅವರು ಪ್ಯಾಂಟು ಹಾಕಿಕೊಂಡು ಮೇಜಿಗೆ ಒರಗಿ ನಿಂತಿದ್ದರು; ಎಡಗಾಲಿನ ಮಡಿಕೆ ಬಲಗಾಲಿನದರಷ್ಟೇ ನೇರವಾಗಿತ್ತು. ಕೂತದ್ದು ಅದರ ಪುಣ್ಯ, ಹೊಲಿದದ್ದು ಇವನಲ್ಲವಲ್ಲ ಎಂದು ಓವರ್‌ಲಾಕ್‌ನವನ ಕಡೆ ಗದ್ದ ತೋರಿಸಿದರು. ಮಾತು ಹೀಗೆ ಮತ್ತೆ ಶುರುವಾಯಿತು. ರಂಜಾನಿನ ಆ ಮಧ್ಯಾಹ್ನದ ಪ್ರಸ್ತಾಪವನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಕಾಲಿನ ವಿಷಯದಲ್ಲಿ ಅವರು ಆಮೇಲೆ ತಮಾಷೆಯನ್ನೇ ಆಡುತ್ತಿದ್ದರು. ಶುಕ್ರವಾರದ ನಮಾಜಿನ ನಂತರ ಕಬರಸ್ತಾನಕ್ಕೆ ಹೋಗಿ ಆ ಗೋಡೆಯ ಪಕ್ಕದ ಕಲ್ಲನ್ನು ನೋಡಿ ಬರುವುದಿತ್ತು. ಜಾಗ ಕಡಿಮೆಯಾಗುತ್ತಿದೆ, ಎಲ್ಲರಿಗೂ ತಮ್ಮವರ ಪಕ್ಕ ಸಿಗುತ್ತದೋ ಇಲ್ಲವೋ ಎಂದು ಯಾರೋ ಕಳವಳಪಟ್ಟಾಗ ಅವರು ಅಂದದ್ದು ಓಣಿಯಲ್ಲೆಲ್ಲ ಓಡಾಡಿತು: "ನಂದೇನು ಚಿಂತಿಲ್ಲ. ಸಿರುಗುಪ್ಪ ಬಸ್ಸಿನ್ಯಾಗ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಹಂಗ ನಾ ಕಾಲು ಹಾಕಿ ಹಿಡದೀನಿ."

ಅದಿರಿನ ಲಾರಿಗಳು ನಿಂತ ಮೇಲೆ ಊರು ಒಮ್ಮೆಲೇ ನಿಶ್ಶಬ್ದವಾಯಿತು. ಮೊದಲು ಸಾಗಣೆಗೆ ಹೊರಳಿದ್ದ ಮಾಲೀಕರು ಮತ್ತೆ ಬಟ್ಟೆಗೆ ಬಂದರು. ಅಷ್ಟರಲ್ಲಾಗಲೇ ಪ್ಯಾಂಟುಗಳು ಕಾಲಿಗೆ ಅಂಟಿಕೊಳ್ಳುವಷ್ಟು ಬಿಗಿಯಾಗಿದ್ದವು. ಇದರಲ್ಲಿ ಮಾರ್ಜಿನ್ ಬಿಡಲು ಜಾಗವೆಲ್ಲಿ ಎಂದು ಮಾಸ್ಟರ್ ಬೇಸರಪಡುತ್ತಿದ್ದರು. ಅದರ ಮುಂದಿನ ಬೇಸಿಗೆಯಲ್ಲಿ, ಒಂದು ಬೆಳಗ್ಗೆ, ಹಾಸು ಹಾಕಿ ಗೆರೆ ಎಳೆಯುತ್ತಿದ್ದಾಗ ಎದೆ ಹಿಡಿದುಕೊಂಡು ಮೇಜಿನ ಮೇಲೆ ಒರಗಿದರು. ಕತ್ತಿಯ ಸದ್ದು ಯಾಕೆ ಬರಲಿಲ್ಲವೆಂದು ನಾನು ಕಾಯುತ್ತಿದ್ದೆ. ಅವರ ಲೆಕ್ಕದಲ್ಲಿ ಹೇಳುವುದಾದರೆ, ಅವರು ಹೋದದ್ದು ಬಿಗಿ ಪ್ಯಾಂಟಿನ ಕಾಲದಲ್ಲಿ. ಮರಣಪತ್ರದ ದಿನಾಂಕವೂ ನನ್ನ ಬಳಿ ಇದೆ. ಅದಕ್ಕಿಂತ ಇದು ನನಗೆ ಹೆಚ್ಚು ಖಚಿತವೆನಿಸುತ್ತದೆ.

ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ನಾನು ಮಹಡಿಯ ಕಟಕಟೆಯ ಬಳಿ ನಿಂತು ಅವರನ್ನು ಹೊತ್ತವರು ಬೀದಿ ತಿರುಗುವವರೆಗೆ ನೋಡಿದೆ. ಸಂಜೆ ಅಳಿಯ ಬಂದು, ಸ್ನಾನ ಮಾಡಿಸುವಾಗ ಎಷ್ಟು ತಿಕ್ಕಿದರೂ ಉಗುರಿನ ನೀಲಿ ಹೋಗಲಿಲ್ಲ, ಹಾಗೇ ಕಳಿಸಿದೆವು ಎಂದರು. ಕಲ್ಲಿನ ಪಕ್ಕದಲ್ಲೇ ಜಾಗ ಸಿಕ್ಕಿತೆಂದೂ ಹೇಳಿದರು.

ಅಂಗಡಿ ಮುಚ್ಚಿತು. ಓವರ್‌ಲಾಕ್‌ನವನು ಬೇರೆ ಕಡೆ ಕೆಲಸಕ್ಕೆ ಸೇರಿದ. ಮಗಳು ನನ್ನನ್ನು ಮನೆ ಬಿಡಿಸಲಿಲ್ಲ. ಕೆಳಗೆ ಬೀಗ, ಮೇಲೆ ನಾನು. ಹಲವು ತಿಂಗಳಾದ ಮೇಲೆ ಸೂಕ್ಷ್ಮದರ್ಶಕದ ಹೊದಿಕೆಯನ್ನು ತೊಳೆಯಲು ತೆಗೆದೆ. ವರ್ಷಗಟ್ಟಲೆ ಅದಿರಿನ ಧೂಳು ಕುಡಿದು, ತೊಳೆಸಿಕೊಂಡು, ಕಿಟಕಿಯ ಬಿಸಿಲಿಗೆ ಅದು ಬೂದಿಯ ಬಣ್ಣಕ್ಕೆ ಬಂದಿತ್ತು. ಮೊದಲ ಬಾರಿಗೆ ಅದನ್ನು ಒಳಹೊರಗು ಮಾಡಿದೆ. ಪ್ರತಿ ಹೊಲಿಗೆಯ ಒಳಗೂ ಎರಡೆರಡು ಬೆರಳು ಅಗಲ ಬಟ್ಟೆ ಬಿಟ್ಟಿದ್ದರು. ಬಿಸಿಲು ಕಾಣದ ಆ ಅಂಚುಗಳು ಕತ್ತರಿಸಿದ ದಿನದಷ್ಟೇ ಗಾಢವಾದ ನೀಲಿಯಲ್ಲಿದ್ದವು.

ಸೂಕ್ಷ್ಮದರ್ಶಕ ಬೆಳೆಯುವ ವಸ್ತುವಲ್ಲ. ಅದು ಅವರಿಗೂ ಗೊತ್ತಿತ್ತು. ಯಾರ ಸಲುವಾಗಿ ಮಾಡಿದಿರಿ ಎಂದು ನನ್ನನ್ನು ಕೇಳಿದ್ದ ಮನುಷ್ಯ ಆ ಬಟ್ಟೆಯನ್ನು ಒಳಗೆ ಬಿಟ್ಟು ಹೊಲಿದಿದ್ದರು.

ಈ ಯಂತ್ರ ಕುರುಗೋಡಿನ ಶಾಲೆಗೆ ಹೋಗಬೇಕೆಂದು ಬರೆದಿಟ್ಟಿದ್ದೇನೆ. ಹೊದಿಕೆಯೂ ಜೊತೆಗೆ ಹೋಗುತ್ತದೆ. ಮುಂದೆ ಎಂದಾದರೂ ಶಾಲೆಯವರು ಇದಕ್ಕಿಂತ ದೊಡ್ಡದನ್ನು ತಂದರೆ, ಹೊಲಿಗೆ ಬಿಚ್ಚಿಕೊಳ್ಳಲಿ.